ಪಾರ್ಟ್ನರ್ ಮೋಸ: ಸಿವಿಲ್ ದಾವೆಯೋ, ಕ್ರಿಮಿನಲ್ ಕೇಸೋ? ಮುಂಬಯಿಯಲ್ಲಿ ಅನುಭವ ಆದವರು ಹೇಳಿ

ಸಾಕಿನಾಕಾ ಹೋಟೆಲಿಗ: ಅಂಧೇರಿಯಲ್ಲಿ ಇಬ್ಬರು ಸೇರಿ ಹಾಕಿದ ಹೋಟೆಲು. ನನ್ನದು 85 ಲಕ್ಷ ಉಂಟು. ಪಾರ್ಟ್ನರ್ ಗಲ್ಲೆಯ ಹಣವನ್ನು ಹೆಂಡತಿಯ ಖಾತೆಗೆ ಸಾಗಿಸ್ತಾ ಇದ್ದಾನೆ. ಡೀಡ್ (ಪಾಲುದಾರಿಕೆ ಪತ್ರ) ಉಂಟು, ರಿಜಿಸ್ಟರ್ ಆಗಿಲ್ಲ. ಒಬ್ಬ ವಕೀಲರು ದಾವೆ ಅಂತಾರೆ, ಇನ್ನೊಬ್ಬರು ಎಫ್‌ಐಆರ್ ಅಂತಾರೆ.

ಮುಲುಂಡ್ ಭಟ್: ನನ್ನದು ಹೋಟೆಲುಗಳಿಗೆ ಪಾತ್ರೆ ಸಪ್ಲೈ. 1.6 ಕೋಟಿ ಬಾಕಿ, 2019ರಲ್ಲಿ ಸಮರಿ ಸೂಟ್ (ಕೋರ್ಟಿನ ಅನುಮತಿ ಇಲ್ಲದೆ ಎದುರಿನವ ವಾದಿಸುವ ಹಾಗಿಲ್ಲದ ಶೀಘ್ರ ದಾವೆ) ಹಾಕಿದೆ. ಸಿಟಿ ಸಿವಿಲ್ ಕೋರ್ಟಿಗೆ 10 ಕೋಟಿವರೆಗಿನ ದಾವೆ ಬಂದದ್ದು 2024ರಲ್ಲಿ. ನಾನು ಹಾಕುವಾಗ 1 ಕೋಟಿ ದಾಟಿದರೆ ಹೈಕೋರ್ಟೇ. ಕಾಗದಪತ್ರ ನೋಡುವ ಸಾಲಿಸಿಟರ್ ಬಿಲ್ ಬೇರೆ, ಕೋರ್ಟಿನಲ್ಲಿ ವಾದಿಸುವ ಕೌನ್ಸೆಲ್ ಬಿಲ್ ಬೇರೆ. ಕಾನ್ಫರೆನ್ಸ್‌ಗೆ 75,000. ಬೋರ್ಡಿನಲ್ಲಿ (ಆ ದಿನದ ಕೇಸುಗಳ ಪಟ್ಟಿ) ನಂಬರ್ ಇದ್ದು ಕರೆಯದೇ ಹೋದ ದಿನಕ್ಕೂ 40,000. ಜೆರಾಕ್ಸು, ಪೇಪರ್‌ಬುಕ್ಕಿಗೇ ಲಕ್ಷದ ಹತ್ತಿರ. ಒಟ್ಟು 19 ಲಕ್ಷ. ಆದರೆ ಅರ್ಧ ಹಣ ಡಿಪಾಸಿಟ್ ಮಾಡಿದರೆ ಮಾತ್ರ ವಾದಕ್ಕೆ ಅವಕಾಶ ಅಂತ ನ್ಯಾಯಾಧೀಶರು ಹೇಳಿದ ದಿನವೇ ಎದುರಿನವ ಮಾತುಕತೆಗೆ ಬಂದ. ಸಿವಿಲ್ಲೇ ಸರಿ.

ಥಾಣೆ ಕಾಮತ್: ಭಟ್ರೇ, ನಿಮ್ಮಷ್ಟು ಕಾಯುವ ತಾಕತ್ತು ಎಲ್ಲರಿಗೂ ಇರುದಿಲ್ಲ ಮಾರಾಯ್ರೆ. ನಾನು ನೇರ ಐಪಿಸಿ 420 (ವಂಚನೆ), 406 (ನಂಬಿಕೆದ್ರೋಹ) ಹಾಕಿಸಿದೆ, ಈಗಿನ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 318, 316. ಪೊಲೀಸರು ಎಫ್‌ಐಆರ್ ತಗೊಳ್ಳದೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕಾಯ್ತು, ಅದಕ್ಕೆ ಒಂದೂವರೆ ಲಕ್ಷ. ಲೆಕ್ಕದ ಮೋಸ ಹುಡುಕುವ ಫೊರೆನ್ಸಿಕ್ ಆಡಿಟರಿಗೆ 2,20,000, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ನಿರೀಕ್ಷಣಾ ಜಾಮೀನಿಗೆ ಓಡಿದವ 38 ಲಕ್ಷದ ಡಿಡಿ ತಾನಾಗಿ ತಂದಿಟ್ಟ.

ಕುರ್ಲಾ ಪಾಟೀಲ: ಕಾಮತರ, ನೀವು ಹೆಮ್ಮಿಲೆ ಹೇಳೂದು ಒಬ್ಬರ ಮನಿ ಮುರದ ಸುದ್ದಿ. ನಾ ಅಂಥಾದೇ ಕೇಸಿನ್ಯಾಗ ಆರೋಪಿ. ಅಕೌಂಟ್ಸ್ ಬರೀತಿದ್ದೆ ಅಷ್ಟ. ಪಾಲುದಾರರ ಜಗಳದಾಗ ನನ್ನ ಹೆಸರೂ ಸೇರಿಸಿದ್ರು. ಸೆಷನ್ಸ್ ಕೋರ್ಟ್ ಜಾಮೀನು ಕೊಡಲಿಲ್ಲ, ಹೈಕೋರ್ಟಿಗೆ ಹೋದೆ. ಸೀನಿಯರ್ ವಕೀಲರು ಒಮ್ಮೆ ಎದ್ದು ನಿಂತರ 3 ಲಕ್ಷ. ಸಂಬಳದ ಖಾತೆ ಫ್ರೀಜ್, ಮಗಳ ಕಾಲೇಜ್ ಫೀಗೆ ಹೆಂಡತಿ ಕೈಬಳೆ ಒತ್ತಿ ಇಟ್ಟೆ. ಕ್ವಾಶಿಂಗ್ (ಕೇಸ ರದ್ದು ಮಾಡ್ರಿ ಅನ್ನೂ) ಅರ್ಜಿ ಇನ್ನೂ ಬಾಕಿ ಐತಿ. ಕ್ರಿಮಿನಲ್ ಕೇಸು ರೊಕ್ಕ ವಸೂಲಿಗೆ ಅಲ್ಲ ಅಂತ ಸುಪ್ರೀಂ ಕೋರ್ಟ್ 2023ರಾಗ ಬಿಮ್ಲಾ ತಿವಾರಿ ಪ್ರಕರಣದಾಗ ಹೇಳೈತಿ. ಓದ್ರಿ.

ಥಾಣೆ ಕಾಮತ್: ಹಣ ಹೋದದ್ದು ನನ್ನದು, ಪಾಟೀಲರೇ. ನನ್ನ ತಾಯಿಯ ಆಪರೇಷನ್‌ಗೆ ಇಟ್ಟ ಹಣ. ಸುಪ್ರೀಂ ಕೋರ್ಟ್ ತಂದು ಕೊಡ್ತದಾ?

ಕುರ್ಲಾ ಪಾಟೀಲ: ನನ್ನ ಮರ್ಯಾದಿ ನೀವು ತಂದು ಕೊಡ್ತೀರೇನು?

ಫೋರ್ಟ್ ಜೂನಿಯರ್: ರಿಜಿಸ್ಟರ್ ಆಗದ ಡೀಡ್ ವಿಷಯ ಯಾರೂ ಮುಟ್ಟಲಿಲ್ಲ. ಮಹಾರಾಷ್ಟ್ರ 1984ರಲ್ಲಿ ಪಾಲುದಾರಿಕೆ ಕಾಯ್ದೆಯ 69ನೇ ಕಲಮಿಗೆ ತಿದ್ದುಪಡಿ ತಂದು, ಇಂಥ ಪಾಲುದಾರರು ಲೆಕ್ಕ ಕೇಳುವ ದಾವೆಯನ್ನೂ ತಡೆದಿತ್ತು. 2009ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅಸಾಂವಿಧಾನಿಕ ಅಂದಿತು. ಹಾಗಾಗಿ ಸಂಸ್ಥೆ ವಿಸರ್ಜಿಸಿ ಲೆಕ್ಕ ಕೊಡಿಸಿ ಅಂತ ಕೇಳಬಹುದು. ಖಾತೆಗೆ ತುರ್ತು ತಡೆಯಾಜ್ಞೆ ಕೇಳುವುದಿದ್ದರೆ ಕಮರ್ಷಿಯಲ್ ಕೋರ್ಟ್ಸ್ ಕಾಯ್ದೆಯ 12ಎ ಮೀಡಿಯೇಶನ್‌ಗೆ (ದಾವೆಗೆ ಮೊದಲಿನ ಸಂಧಾನ) ಕಾಯಬೇಕಾಗಿಲ್ಲ.

ಮುಲುಂಡ್ ಭಟ್: ಕಾನೂನು ಸರಿ, ತಮ್ಮಾ. ಕರೆಯದ ದಿನದ 40,000 ಯಾಕೆ ಅಂತ ಮೊದಲು ಹೇಳು.

ಫೋರ್ಟ್ ಜೂನಿಯರ್: ಆ ದಿನ ಅವರು ಬೇರೆ ಕೇಸು ಬಿಟ್ಟು ನಿಮಗಾಗಿ ಕೂತಿದ್ದರು, ಭಟ್ರೇ. ಹಿಂದಿನ ರಾತ್ರಿ ಬ್ರೀಫ್ (ಕೇಸಿನ ಕಡತ) ಓದಿ ಟಿಪ್ಪಣಿ ಮಾಡಿದ್ದು ನನ್ನಂಥವರು. ನಮಗೆ ಸಿಗುವುದು ತಿಂಗಳಿಗೆ 20,000, ಓಡಾಟ ವಿರಾರ್ ಲೋಕಲ್ ರೈಲಿನಲ್ಲಿ.

ಮುಲುಂಡ್ ಭಟ್: ಹಾಗಾದರೆ ನಿನ್ನ ಸೀನಿಯರ್ ಹತ್ತಿರ ಕೇಳು, ನನ್ನ ಹತ್ತಿರ ಅಲ್ಲ.

ಸಾಕಿನಾಕಾ ಹೋಟೆಲಿಗ: ಜೂನಿಯರ್ ಸಾರ್, ತಡೆಯಾಜ್ಞೆಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಸಾಕಾ?

ಥಾಣೆ ಕಾಮತ್: ಸ್ಟೇಟ್‌ಮೆಂಟ್ ಹಿಡ್ಕೊಂಡು ಮೊದಲು ಪೊಲೀಸ್ ಸ್ಟೇಷನ್ನಿಗೆ ಹೋಗಿ.

ಕುರ್ಲಾ ಪಾಟೀಲ: ಮತ್ತ ಶುರು ಮಾಡಿದ್ರಿ!