ಬಿಲ್ಲಿನಲ್ಲಿ ‘ನಲ್’ ಅಂತ ಪ್ರಿಂಟ್ ಆಗ್ತಿದೆ, ಏನು ಹಾಕಲಿ?

ಮಂಡಿಪೇಟೆ ಕೋಡರ್: ದಾವಣಗೆರೆ ಎಪಿಎಂಸಿಯ ಒಂದು ದಲ್ಲಾಳಿ ಅಂಗಡಿಗೆ ಮೆಕ್ಕೆಜೋಳದ ಬಿಲ್ ಪೇಜ್ ಮಾಡುತ್ತಿದ್ದೇನೆ, ಜಾವಾಸ್ಕ್ರಿಪ್ಟ್‌ನಲ್ಲಿ. ರೈತರ ಮೊಬೈಲ್ ನಂಬರ್ ನಲ್ (ಏನೂ ತುಂಬಿಲ್ಲ) ಇದ್ದರೆ, ಅದನ್ನು ಸ್ಟ್ರಿಂಗ್ (ಅಕ್ಷರಸಾಲು) ಮಾಡುವ ಟೂಸ್ಟ್ರಿಂಗ್ ಎರರ್ ಕೊಟ್ಟು ಪೇಜೇ ನಿಂತುಬಿಡುತ್ತದೆ. ಸ್ಟ್ರಿಂಗ್ ಫಂಕ್ಷನ್ ಹಾಕಿದರೆ ನಿಲ್ಲಲ್ಲ, ಆದರೆ ಬಿಲ್ಲಿನಲ್ಲಿ ‘ನಲ್’ ಅಂತಲೇ ಬೀಳುತ್ತದೆ. ಯಾವುದು ಸರಿ?

ದುರ್ಗದ ಕೋಟೆ: ಸ್ಟ್ರಿಂಗ್ ಫಂಕ್ಷನ್ನೇ ಅಣ್ಣ. ನಲ್, ಅನ್‌ಡಿಫೈನ್ಡ್, ಸಿಂಬಲ್ (ಬೇರೆ ಯಾವುದಕ್ಕೂ ಸಮ ಆಗದ ಗುರುತು) ಯಾವುದು ಕೊಟ್ಟರೂ ತಕರಾರಿಲ್ಲ.

ಬೆಣ್ಣೆದೋಸೆ: ಖಾಲಿ ಕೋಟ್ಸ್ ಕೂಡಿಸಿದರೆ ಮುಗೀತು. ಸುಮ್ನೆ ಅಷ್ಟುದ್ದ ಯಾಕೆ ಬರೆಯಬೇಕು?

ದುರ್ಗದ ಕೋಟೆ: ಸಿಂಬಲ್ ಬಂದರೆ ಅದು ಟೈಪ್ ಎರರ್ ಕೊಡುತ್ತೆ ಮಾರಾಯ. ಬ್ಯಾಕ್‌ಟಿಕ್ ಟೆಂಪ್ಲೇಟ್ ಕೂಡ ಅಷ್ಟೇ.

ಬೆಣ್ಣೆದೋಸೆ: ಮೆಕ್ಕೆಜೋಳದ ಬಿಲ್ಲಿಗೆ ಸಿಂಬಲ್ ಎಲ್ಲಿಂದ ಬರುತ್ತೆ ಗುರು?

ಭದ್ರಾ ನಾಲೆ: ಜಗಳ ಬೇರೆಲ್ಲೋ ಹೋಯ್ತು. ನಲ್ ಅಂದರೆ ನಂಬರ್ ಕೊಟ್ಟಿಲ್ಲ ಅಂತ. ಅದನ್ನು ಸ್ಟ್ರಿಂಗ್ ಮಾಡೋದೇ ಯಾಕೆ? ಎರಡು ಪ್ರಶ್ನೆ ಚಿಹ್ನೆಯ ಆಪರೇಟರ್ ಹಾಕಿ ‘ಇಲ್ಲ’ ಅಂತ ತೋರಿಸಿ. ಎರಡು ಪೈಪ್ (ನಿಂತ ಗೆರೆ) ಬೇಡ. ಹಮಾಲಿ 0 ಇದ್ದರೂ ಅದು ‘ಇಲ್ಲ’ ಅಂದುಬಿಡುತ್ತೆ.

ಅದಕ್ಕಿಂತ ತೂಕದ ಬಾಕ್ಸ್ ನೋಡಿಕೊಳ್ಳಿ. ಅಲ್ಲಿ ಟೈಪ್ ಮಾಡಿದ್ದು ಬರುವಾಗಲೇ ಸ್ಟ್ರಿಂಗ್ ಆಗಿರುತ್ತೆ. ಒಂದು ಚೀಲ 60, ಇನ್ನೊಂದು 58 ಅಂತ ಹಾಕಿ ಕೂಡಿದರೆ 118 ಬರಲ್ಲ, 6058 ಬರುತ್ತೆ! ಮೈನಸ್ ಆದರೆ ತಾನೇ ನಂಬರ್ ಮಾಡಿಕೊಳ್ಳುತ್ತೆ. ಹಾಗಾಗಿ ಹಮಾಲಿ ಕಳೆದು ನೋಡಿದವರಿಗೆ ಎಲ್ಲಾ ಸರಿ ಇದೆ ಅನಿಸುತ್ತೆ. ಒಳಗೆ ಬಂದ ಕೂಡಲೇ ನಂಬರ್ ಮಾಡಿ, ಲೆಕ್ಕ ಪೂರ್ತಿ ಮುಗಿದ ಮೇಲೆ ಸ್ಟ್ರಿಂಗ್ ಮಾಡಿ.

ಮಂಡಿಪೇಟೆ ಕೋಡರ್: ಮೊತ್ತವನ್ನು ಎರಡು ದಶಮಾಂಶಕ್ಕೆ ತರೋ ಟೂಫಿಕ್ಸ್ಡ್ 2 ಸಾಕಾ?

ಭದ್ರಾ ನಾಲೆ: ಅದೂ ಸ್ಟ್ರಿಂಗೇ ಕೊಡೋದು, ಮಧ್ಯದಲ್ಲಿ ಹಾಕಬೇಡಿ. 1.005 ಕೊಟ್ಟರೆ 1.01 ಬರಲ್ಲ, 1.00 ಬರುತ್ತೆ. ದುಡ್ಡನ್ನು ಪೈಸೆ ಲೆಕ್ಕದಲ್ಲೇ ಇಟ್ಟುಕೊಳ್ಳಿ. ಕೊನೆಗೆ ಅಂಕಿಯನ್ನು ಆಯಾ ದೇಶದ ರೀತಿಯಲ್ಲಿ ಬರೆಯೋ ಟೂಲೋಕೇಲ್‌ಸ್ಟ್ರಿಂಗ್‌ಗೆ ‘ಇಎನ್-ಐಎನ್’ ಕೊಡಿ, 1,25,000 ಅಂತ ನಮ್ಮ ಲಕ್ಷದ ಕಾಮಾ ಬರುತ್ತೆ.

ಬೆಣ್ಣೆದೋಸೆ: ‘ಕೆಎನ್-ಐಎನ್-ಯು-ಎನ್‌ಯು-ಕೆಎನ್‌ಡಿಎ’ ಕೊಟ್ಟು ನೋಡಿ, ೧,೨೫,೦೦೦ ಬರುತ್ತೆ. ಸಾಹುಕಾರರು ಖುಷಿಯಾಗಿ ಬಿಲ್ ಬೇಗ ಪಾಸ್ ಮಾಡಬಹುದು, ನಿಮ್ಮದು.

ದುರ್ಗದ ಕೋಟೆ: ತಾರೀಖಿಗೆ ಟೂಐಎಸ್‌ಒಸ್ಟ್ರಿಂಗ್ ಹಾಕಬೇಡಿ ಅಣ್ಣ. ಅದು ಕೊಡೋದು ಯುಟಿಸಿ (ಜಾಗತಿಕ ಪ್ರಮಾಣ ಸಮಯ), ನಾವು ಐದೂವರೆ ಗಂಟೆ ಮುಂದೆ. ಬೆಳಗಿನ ಜಾವ 4ಕ್ಕೆ ಲೋಡ್ ಇಳಿದರೆ ಹಿಂದಿನ ದಿನದ ತಾರೀಖು ಬೀಳುತ್ತೆ.

ಮಂಡಿಪೇಟೆ ಕೋಡರ್: ಸರಿ, ಟೂಲೋಕೇಲ್‌ಡೇಟ್‌ಸ್ಟ್ರಿಂಗ್‌ಗೆ ಟೈಮ್‌ಜೋನ್ ‘ಏಷ್ಯಾ/ಕೋಲ್ಕತಾ’ ಕೊಡುತ್ತೇನೆ. ಸಿಂಬಲ್ ವಿಷಯ ನೀವಿಬ್ಬರೇ ಬಗೆಹರಿಸಿಕೊಳ್ಳಿ.