ಸಮಸ್ಯಾಪೂರಣ: ‘ಕಟ್ಟಿಕೊಂಡವ ತಾನೆ ಬಿಡುಗಡೆಯ ಪಡೆದ’

ಶಿರಸಿ:
ಪದ್ಯದ ಕೊನೆಗೆ ಬರಬೇಕಾದ ಈ ವಾರದ ಸಾಲು ಮೇಲಿದೆ. ಐದೈದು ಮಾತ್ರೆಯ ನಡೆ, ಮುಂಚಿನ ಮೂರು ಸಾಲು ನಿಮ್ಮದು, ‘ಟ್ಟ’ ಪ್ರಾಸ ತಪ್ಪಬಾರದು. ಮದುವೆಯ ಮೇಲೆ ಬರೆಯಬೇಡಿ ಮಾರಾಯ್ರೆ, ಕಟ್ಟಿಕೊಂಡವರ ಗೋಳು ಎಲ್ಲರಿಗೂ ಗೊತ್ತು. ಒಳ್ಳೆ ಸಮಾಜ ಅಂತ ಒಂದು ಆಗಬಹುದೋ, ಆದರೆ ಅದರಲ್ಲಿ ಮನುಷ್ಯನ ಸ್ವಂತ ಇಷ್ಟಕ್ಕೆ ಜಾಗ ಎಷ್ಟು, ಆ ಕಡೆ ಹೋಗಿ.

ಅಂಕೋಲಾ:
ಪಟ್ಟು ಬಿಡದೆಯೆ ಕರವ ಕೊಡೆನೆಂದು ನಿಂತವನ
ಬಟ್ಟಲೂ ಜಪ್ತಾಯ್ತು, ಗದ್ದೆಯೂ ಹೋಯ್ತು;
ಉಟ್ಟ ಬಟ್ಟೆಯೆ ಆಸ್ತಿ. ಕೊಟ್ಟ ಮಾತಿನ ಗಂಟ
ಕಟ್ಟಿಕೊಂಡವ ತಾನೆ ಬಿಡುಗಡೆಯ ಪಡೆದ.

1930ರಲ್ಲಿ ನಮ್ಮೂರಲ್ಲಿ ಉಪ್ಪಿನ ಸತ್ಯಾಗ್ರಹ, ಅದರ ಬೆನ್ನಿಗೇ ಕರನಿರಾಕರಣೆ. ಭೂಮಿ ಹೋಯ್ತು, ಪಾತ್ರೆ ಪಗಡೆಯನ್ನೂ ಬಿಡಲಿಲ್ಲ. ಕರ ಕಟ್ಟಿದ್ದರೆ ಎಲ್ಲ ಉಳೀತಿತ್ತು. ಬೇರೆ ದಾರಿ ಕಣ್ಣೆದುರಿಗೇ ಇತ್ತು, ಅಲ್ವಾ?

ಶಿರಸಿ:
ಭೇಷ್! ದೊಡ್ಡ ಮಾತು ಬಿಟ್ಟು ಜಪ್ತಾದ ಬಟ್ಟಲನ್ನು ಹಿಡಿದಿದ್ದೀರಿ. ಆದರೆ ಹೋರಾಟ ಮುಗಿದ ಮೇಲೆ? ಜೈಲಿಗೆ ಹೋಗುವುದಕ್ಕಿಂತ ಮರುದಿನದಿಂದ ಕೂಡಿ ಬಾಳುವುದು ಜಾಸ್ತಿ ಕಷ್ಟ.

ಕುಮಟಾ:
ಬೆಟ್ಟ ನಮ್ಮೆಲ್ಲರದು, ಕತ್ತಿಗೂ ಮಿತಿಯೆಂದು
ಇಟ್ಟುಕೊಂಡರು ತಾವೆ ಕಟ್ಟಳೆಯ ಕೂಡಿ;
ಮೆಟ್ಟಿ ಹೇರಿದರೆ ಸೆರೆ, ತನ್ನ ಬೇಲಿಯನೊಲಿದು
ಕಟ್ಟಿಕೊಂಡವ ತಾನೆ ಬಿಡುಗಡೆಯ ಪಡೆದ.

ಹಳಕಾರದ ಕಾಡು ನೆನೆದು ಬರೆದೆ. ಬ್ರಿಟಿಷರ ಕಾಲದಲ್ಲೇ ಅಲ್ಲಿ ಗ್ರಾಮ ಅರಣ್ಯ ಪಂಚಾಯತಿ ಆಯ್ತು. ಊರವರೇ ನಿಯಮ ಮಾಡಿ, ಕಾವಲಿಗೆ ಜನ ಇಟ್ಟು ಕಾಡು ಉಳಿಸಿಕೊಂಡರು. ಎಲ್ಲರ ಸ್ವತ್ತು ಹಾಳಾಗೇ ಆಗುತ್ತೆ ಅನ್ನೋದು ಸರಿಯಲ್ಲ ಅಂತ ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಥಾಮಸ್ ಮೋರ್ 1516ರಲ್ಲಿ ‘ಯುಟೋಪಿಯಾ’ ಪುಸ್ತಕದಲ್ಲಿ ಕಲ್ಪಿಸಿದ ಆದರ್ಶ ದ್ವೀಪಕ್ಕೆ ಹಡಗು ಹತ್ತಬೇಕು. ಹಳಕಾರಕ್ಕೆ ಕುಮಟೆಯಿಂದ ಆಟೋ ಸಾಕು.

ಕಾರವಾರ:
ಬಿಟ್ಟ ಕವಣೆಯ ಕಲ್ಲು ‘ನಾ ಹಾರುತಿಹೆ’ನೆಂದು
ದಿಟ್ಟನಂದದಿ ಬೀಗಿ ಬಿತ್ತು ಕೆಸರಲ್ಲಿ;
ಹುಟ್ಟುಸಾವಿನ ಕೈಯ ಎಸೆತವಿದು, ಹುಸಿಗನಸ
ಕಟ್ಟಿಕೊಂಡವ ತಾನೆ ಬಿಡುಗಡೆಯ ಪಡೆದ?

ಕಲ್ಲು ಡಚ್ ತತ್ವಜ್ಞಾನಿ ಸ್ಪಿನೋಜನದು. ಎಸೆದ ಕಲ್ಲಿಗೆ ಬುದ್ಧಿ ಬಂದರೆ ತನ್ನಿಷ್ಟದಿಂದಲೇ ಹೋಗುತ್ತಿದ್ದೇನೆ ಅಂದುಕೊಳ್ಳುತ್ತೆ ಅಂತ 17ನೇ ಶತಮಾನದಲ್ಲೇ ಒಂದು ಕಾಗದದಲ್ಲಿ ಬರೆದಿದ್ದ. ಕವಣೆ, ಕೆಸರು ನನ್ನವು. ಅಂಕೋಲೆಯವರು ಕರ ಕೊಡಲಿಲ್ಲ, ಸರಿ. ಆ ಹಟ ಎಲ್ಲಿಂದ ಬಂತು? ಅಪ್ಪ, ಊರು, ಗಾಂಧಿ.

ಶಿರಸಿ:
ಪ್ರಶ್ನೆ ಚಿಹ್ನೆ ಹಾಕಿ ಸಾಲನ್ನೇ ತಿರುಗಿಸಿಬಿಟ್ಟಿರಲ್ಲ! ಸಭೆಯಲ್ಲಿ ಕೂತಲ್ಲೇ ಪದ್ಯ ಕಟ್ಟುವ ಅವಧಾನದಲ್ಲಾದರೆ ಜಗಳ ಆಗ್ತಿತ್ತು, ಇಲ್ಲಿ ನಡೆಯುತ್ತೆ. ಒಪ್ಪಲಾರೆ ಮಾತ್ರ. ಹಾರುವ ಕಲ್ಲು ಪಕ್ಕದ ಕಲ್ಲಿನ ಹತ್ತಿರ ‘ಏನು ಮಾಡೋಣ’ ಅಂತ ಕೇಳುವುದಿಲ್ಲ. 1983ರ ಸೆಪ್ಟೆಂಬರ್‌ನಲ್ಲಿ ನಮ್ಮ ಶಿರಸಿಯ ಸಾಲ್ಕಣಿ ಕಡೆಯ ಜನ ಮಾತಾಡಿಕೊಂಡೇ ಕಾಡಿಗೆ ಹೋಗಿ, ಕಡಿಯದಂತೆ ಮರ ಅಪ್ಪಿಕೊಂಡಿದ್ದು. ಕೂತು ಮಾತಾಡಿ ಮನಸ್ಸು ಬದಲಿಸಿಕೊಳ್ಳಬಹುದು ಅಂದರೆ ನನಗೆ ಅಷ್ಟು ಸ್ವಾತಂತ್ರ್ಯ ಸಾಕು.

ಕಾರವಾರ:
ಆ ಮಾತೂ ಯಾರೋ ತಳ್ಳಿದ್ದೇ ತಾನೆ? ಪದ್ಯದಲ್ಲಿ ಹೇಳಿ, ನೋಡೋಣ.

ಶಿರಸಿ:
ಬೆಟ್ಟದಡಿ ಊರವರು ಸೇರಿ ಮರವಪ್ಪಿದರು,
ಮುಟ್ಟಲಿಲ್ಲಾ ಕೊಡಲಿ ಕಾಂಡವನು ಅಂದು...

ಇಷ್ಟು ಆಯ್ತು. ಮೂರನೆಯದು ಕೂರುತ್ತಿಲ್ಲ. ಕುಮಟೆಯವರೇ, ಕೈ ಹಾಕ್ತೀರಾ?