ಗೇಮ್‌ನ ಊರಿಗೆ ಒಂದು ಮಾಂಸದಂಗಡಿ ಕುಟುಂಬ ಬೇಕು, ಐಡಿಯಾ ಕೊಡಿ

ಮಣಿಪಾಲ_ಡಿಎಮ್:
ನಾವು ಫ್ರೆಂಡ್ಸ್ ಸೇರಿ ಮಣಿಪಾಲದಲ್ಲಿ ಭಾನುವಾರ ಸಂಜೆ ಡಂಜನ್ಸ್ ಆ್ಯಂಡ್ ಡ್ರಾಗನ್ಸ್ ಆಡ್ತೇವೆ (ಒಬ್ಬೊಬ್ರು ಒಂದೊಂದು ಪಾತ್ರ ಆಗಿ ಕತೆ ಕಟ್ಟುವ ಗೇಮ್), ಫಿಫ್ತ್ ಎಡಿಶನ್, ನಾನು ಡಿಎಮ್, ಅಂದ್ರೆ ಕತೆ ನಡೆಸುದು ನಾನು. ಈಗ ಕತೆ ಅಳಿವೆ ಬದಿಯ ಒಂದು ಸಣ್ಣ ಊರಿಗೆ ಬಂದು ನಿಂತಿದೆ, ಹೆಸರು ಹೊಳೆಬಾಗಿಲು. ಕಮ್ಮಾರ, ಛತ್ರ, ಗುಡಿ ಎಲ್ಲ ಉಂಟು, ಆದ್ರೆ ಅದು ಎಲ್ಲಾ ಊರಲ್ಲೂ ಇರುದೇ ಅಲ್ವಾ, ಪ್ಲೇಯರ್ಸ್ ಹೋಗ್ತಾರೆ, ಕತ್ತಿ ತಗೊಳ್ತಾರೆ, ಬರ್ತಾರೆ, ಅಂಗಡಿಯವನ ಹೆಸರು ಕೂಡ ಕೇಳುದಿಲ್ಲ. ಹಾಗಾಗಿ ಮೂರು ತಲೆಮಾರಿನಿಂದ ಒಂದೇ ಮನೆಯವರು ನಡೆಸುವ ಮಾಂಸದಂಗಡಿ ಇಡುವ ಅಂತ ಉಂಟು. ಪ್ಲೇಯರ್ಸಿಗೆ ಆ ಮನೆಯವರ ಮೇಲೆ ಪ್ರೀತಿ ಹುಟ್ಬೇಕು, ಅದು ನನ್ನ ಆಸೆ. ರೂಲ್‌ಬುಕ್ಕಲ್ಲಿ ನೋಡಿದ್ರೆ ಮಾಂಸ ಒಂದು ತುಂಡಿಗೆ 3 ಬೆಳ್ಳಿ ನಾಣ್ಯ ಅಂತ ಒಂದು ಸಾಲು ಬಿಟ್ರೆ ಎಂತದ್ದೂ ಇಲ್ಲ. ಒಳಗೆ ಯಾರ್ಯಾರು ಎಂತ ಮಾಡ್ತಾರೆ, ದಿನ ಹೇಗೆ ಹೋಗ್ತದೆ, ಕ್ವೆಸ್ಟ್, ಅಂದ್ರೆ ಪ್ಲೇಯರ್ಸಿಗೆ ಮಾಡ್ಲಿಕ್ಕೆ ಕೆಲಸ, ಎಲ್ಲಿಂದ ತೆಗಿಯುದು? ಇನ್ನೊಂದು, ನಮ್ಮ ಟೇಬಲಲ್ಲಿ ಒಬ್ಳು ರೇಂಜರ್ (ಕಾಡಲ್ಲಿ ಬೇಟೆಯಾಡುವ ಪಾತ್ರ) ಇದ್ದಾಳೆ, ಕಾಡಲ್ಲಿ ಹೊಡೆದದ್ದನ್ನೆಲ್ಲ ಅವಳು ಅಲ್ಲಿಗೇ ಹೊತ್ಕೊಂಡು ಹೋಗುದು ಗ್ಯಾರಂಟಿ, ಅದಕ್ಕೆ ಎಂತ ಮಾಡುದು?

ಕಂಕನಾಡಿ_ಹುಡುಗ:
ನಮ್ಮದು ಮಂಗಳೂರಲ್ಲಿ ಮಟನ್ ಅಂಗಡಿ, ಅಜ್ಜನ ಕಾಲದಿಂದ, ಹಾಗಾಗಿ ಇದನ್ನು ಓದಿ ತುಂಬ ಖುಷಿ ಆಯ್ತು ಮಾರಾಯ್ರೆ. ಮೊದ್ಲು ಹೇಳುದು ದಿನದ ಬಗ್ಗೆ. ಭಾನುವಾರ ಬೆಳಕು ಹರಿಯುವ ಮೊದ್ಲೇ ಬಾಗಿಲು ತೆಗೀಬೇಕು, ಒಂಬತ್ತು ಗಂಟೆಗೆ ಒಳ್ಳೆ ಪೀಸ್ ಎಲ್ಲ ಖಾಲಿ, ಮಧ್ಯಾಹ್ನ ಆಗುವಾಗ ತೊಳೆದು ಮುಚ್ಚುದು. ಸೋಮವಾರ, ಶನಿವಾರ ತಿನ್ನದವರು ತುಂಬ ಜನ, ಶ್ರಾವಣ ಬಂದ್ರೆ ವ್ಯಾಪಾರ ಸೀದಾ ಕೆಳಗೆ, ಕ್ರಿಸ್ಮಸ್ ಹತ್ರ ಬಂದ್ರೆ ಹಂದಿಮಾಂಸದ ಅಂಗಡಿ ಎದುರು ಕ್ಯೂ. ಹಾಗಾಗಿ ನಿಮ್ಮ ಊರಿನ ದೇವರುಗಳಿಗೂ ಒಂದು ಕ್ಯಾಲೆಂಡರ್ ಮಾಡಿ, ಯಾವ ದಿನ ಯಾರು ತಿನ್ನುದಿಲ್ಲ, ಯಾವ ಹಬ್ಬಕ್ಕೆ ಎಷ್ಟು ಆಡು ಬೇಕು ಅಂತ, ಆಗ ಅಂಗಡಿ ತನ್ನಷ್ಟಕ್ಕೆ ನಡೀತದೆ.

ಮನೆಯವರಲ್ಲಿ ಕೆಲಸ ಹಂಚಿಕೆ ಆಗಿರ್ತದೆ. ಆಡು ಆರಿಸುದು ಹಿರಿಯರು, ಬಾಯಿ ಬಿಡಿಸಿ ಹಲ್ಲು ನೋಡ್ತಾರೆ, ದೊಡ್ಡ ಹಲ್ಲು ಎರಡು ಬಂದಿದ್ರೆ ಒಂದು-ಒಂದೂವರೆ ವರ್ಷ ಅಂತ ಲೆಕ್ಕ, ಮತ್ತೆ ಸೊಂಟದ ಮೇಲೆ ಕೈ ಒತ್ತಿ ನೋಡಿದ್ರೆ ಮಾಂಸ ಎಷ್ಟು ಬೀಳ್ತದೆ ಅಂತ ಗೊತ್ತಾಗ್ತದೆ. 25 ಕಿಲೋ ಆಡಿಗೆ 12 ಕಿಲೋ ಹತ್ರ ಮಾಂಸ, ಅರ್ಧಕ್ಕಿಂತ ಜಾಸ್ತಿ ಕಷ್ಟ. ಕೊಯ್ಯುದು ಅಪ್ಪ. ಹುಣಸೆ ಮರದ ದಿಮ್ಮಿ, ಅದ್ರ ಮೇಲೆ ಎಲುಬಿಗೆ ದೊಡ್ಡ ಕತ್ತಿ, ಮಾಂಸ ಬಿಡಿಸ್ಲಿಕ್ಕೆ ಸಪೂರ ಚೂರಿ, ಮುಚ್ಚುವಾಗ ದಿಮ್ಮಿಯನ್ನು ಕೆರೆದು ಕಲ್ಲುಪ್ಪು ತಿಕ್ಕಿ ಇಡುದು, ವರ್ಷಗಟ್ಟಲೆ ಏಟು ಬಿದ್ದು ಬಿದ್ದು ಅದು ನಡುವಲ್ಲಿ ಗುಂಡಿ ಬಿದ್ದಿರ್ತದೆ. ದುಡ್ಡಿನ ಪೆಟ್ಟಿಗೆ ಅಮ್ಮನ ಹತ್ರ. ಯಾರಿಗೆ ಎಲುಬು ಜಾಸ್ತಿ ಬೇಕು, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ ಕಾಲು ಸೂಪಿಗೆ ತೆಗೆದಿಡ್ಬೇಕು, ಯಾರದ್ದು ಸಾಲ ಬಾಕಿ, ಎಲ್ಲ ಅವರ ತಲೆಯಲ್ಲೇ ಉಂಟು. ಊರಿನ ಸುದ್ದಿ ಬೇಕಾದ್ರೆ ನಿಮ್ಮ ಪ್ಲೇಯರ್ಸ್ ಛತ್ರಕ್ಕೆ ಹೋಗುದಲ್ಲ, ಆ ಅಮ್ಮನ ಹತ್ರ ಬರ್ಬೇಕು. ಯಾರ ಮನೆಗೆ ನಾಲ್ಕು ದಿನದಿಂದ ನೆಂಟರು, ಯಾರು ಇದ್ದಕ್ಕಿದ್ದಂತೆ ಮಾಂಸ ಬಿಟ್ರು, ಅದು ಅವರಿಗೆ ಮೊದ್ಲು ಗೊತ್ತಾಗ್ತದೆ.

ಹಳೇಪೇಟೆ:
ಕಂಕನಾಡಿಯವರು ಹೇಳಿದ್ದು ಭಾರಿ ಒಳ್ಳೇದಾಯ್ತು, ನಾನು ಅಂಗಡಿ ಹಿಂಬದಿಯ ವಿಷಯ ಹೇಳ್ತೇನೆ. ಮೊದ್ಲು ರೇಟ್ ನೋಡಿ, ಬುಕ್ಕಲ್ಲಿ ಆಡು 1 ಚಿನ್ನದ ನಾಣ್ಯ, ಕುರಿ 2, ಹಂದಿ 3. ಒಂದು ಚಿನ್ನಕ್ಕೆ 10 ಬೆಳ್ಳಿ, ಅಂದ್ರೆ 3 ಬೆಳ್ಳಿಯ ನಾಲ್ಕು ತುಂಡು ಹೋದ್ರೆ ಆಡಿನ ದುಡ್ಡು ಬಂದಾಯ್ತು. ಉಳಿದದ್ದು ಲಾಭ, ಅದ್ರಲ್ಲೂ ಚರ್ಮ ಚಮ್ಮಾರನಿಗೆ, ಕೊಬ್ಬು ಕ್ಯಾಂಡಲ್ ಮತ್ತು ಸೋಪು ಮಾಡುವವರಿಗೆ, ಕೊಂಬು ಬಾಚಣಿಗೆಯವನಿಗೆ, ಕುರಿ ಕರುಳಿಂದ ತಂತಿವಾದ್ಯಗಳ ತಂತಿ (ನಿಮ್ಮ ಗುಂಪಲ್ಲಿ ಬಾರ್ಡ್, ಅಂದ್ರೆ ಹಾಡುಗಾರನ ಪಾತ್ರ, ಇದ್ರೆ ಅವನ ಲ್ಯೂಟ್ ವಾದ್ಯದ ತಂತಿ ಇಲ್ಲಿಂದಲೇ ಬರ್ಬೇಕು). ಈ ಅಂಗಡಿ ಒಂದು ವಾರ ಮುಚ್ಚಿದ್ರೆ ಊರಲ್ಲಿ ಕ್ಯಾಂಡಲ್ ರೇಟ್ ಏರ್ತದೆ, ಗುಡಿಯವರು ಬೊಬ್ಬೆ ಹೊಡೀತಾರೆ. ಕ್ವೆಸ್ಟ್ ಅಲ್ಲೇ ಉಂಟು.

ಮತ್ತೆ ಗಲೀಜು. ಇಂಗ್ಲೆಂಡಲ್ಲಿ 1388ರಲ್ಲೇ ಕಾನೂನು ಮಾಡಿದ್ರು, ಊರಿನ ಹತ್ರದ ಹೊಳೆಗೆ, ಚರಂಡಿಗೆ ಕರುಳು ಗಲೀಜು ಬಿಸಾಡ್ಬಾರ್ದು ಅಂತ. ಯಾರ್ಕ್ ಊರಲ್ಲಿ ಶಾಂಬಲ್ಸ್ ಅಂತ ಇಡೀ ಬೀದಿಯೇ ಮಾಂಸದವರದ್ದಿತ್ತು, ಮಾಂಸ ಹರಡಿಡ್ತಿದ್ದ ಅಗಲದ ಕಿಟಕಿ ಹಲಗೆ ಈಗ್ಲೂ ಕಾಣ್ತದೆ. ನಿಮ್ಮದು ಅಳಿವೆಯ ಊರು, ಇಳಿತಕ್ಕೆ ಬಿಟ್ಟದ್ದು ಭರತಕ್ಕೆ ವಾಪಸ್ ಬರ್ತದೆ, ಅದ್ರ ಹಿಂದೆ ನೀರಿಂದ ಎಂತ ಬರ್ತದೆ ಅನ್ನುದು ಡಿಎಮ್ ಆಗಿ ನಿಮಗೆ ಬಿಟ್ಟದ್ದು. ಇನ್ನೊಂದು, ಅದೇ ಪಟ್ಟಿಯಲ್ಲಿ ಒಂದು ಪೌಂಡ್ ಕಾಳುಮೆಣಸಿಗೂ 2 ಚಿನ್ನ, ಒಂದು ಇಡೀ ಕುರಿಗೂ 2 ಚಿನ್ನ. ಮೆಣಸು ಬೆಳೆಯುವ ಊರಿನವರು ನಾವು, ಇದನ್ನು ಸುಮ್ಮನೆ ಬಿಡುದು ಬೇಡ, ಮೆಣಸು ಹಚ್ಚಿ ಒಣಗಿಸಿದ ಮಾಂಸ ಆ ಅಂಗಡಿಯಲ್ಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇರ್ಲಿ.

ಉಳ್ಳಾಲದ_ಅಕ್ಕ:
ನಾನೂ ಡಿಎಮ್. ಪ್ಲೇಯರ್ಸಿಗೆ ಪ್ರೀತಿ ಹುಟ್ಬೇಕಾದ್ರೆ ಆ ಮನೆಯಲ್ಲಿ ಬಿಡಿಸ್ಲಿಕ್ಕೆ ಕಷ್ಟ ಇರುವ ಒಂದು ಗಂಟು ಬೇಕು, ಅದು ರೂಲ್ಸಲ್ಲೇ ಉಂಟು. ಪ್ರೆಸ್ಟಿಡಿಜಿಟೇಶನ್ ಕ್ಯಾಂಟ್ರಿಪ್ (ಒಂದು ಸಣ್ಣ ಮಂತ್ರ) ತೆಗೆದು ನೋಡಿ, ಜೀವ ಇಲ್ಲದ ವಸ್ತುವನ್ನು ಒಂದು ಘನ ಅಡಿಯಷ್ಟು ಒಂದು ಗಂಟೆ ತಣ್ಣಗೆ ಮಾಡ್ಬಹುದು, ಒಟ್ಟಿಗೆ ಮೂರರವರೆಗೆ ನಡೀತದೆ. ಈಗ ಆ ಮನೆಯ ಮಗಳಿಗೆ ಅದು ಬರ್ತದೆ ಅಂತ ಇಟ್ಕೊಳ್ಳಿ. ನಮ್ಮ ಕರಾವಳಿಯ ಸೆಕೆಯಲ್ಲಿ ಮಧ್ಯಾಹ್ನಕ್ಕೆ ಬೇರೆಯವರೆಲ್ಲ ಮುಚ್ಚುವಾಗ ಇವರ ಅಂಗಡಿ ಮಾತ್ರ ಸಂಜೆ ತನಕ ಓಪನ್, ಮೂರು ಪೆಟ್ಟಿಗೆ ಮಾಂಸ ಫ್ರೆಶ್. ವ್ಯಾಪಾರ ಏರ್ತದೆ, ಸಾಲ ತೀರ್ತದೆ, ಎದುರಿನ ಅಂಗಡಿಯವರಿಗೆ ಹೊಟ್ಟೆಕಿಚ್ಚು. ಆದ್ರೆ ಆ ಹುಡುಗಿ ಗಂಟೆಗೊಮ್ಮೆ ಪೆಟ್ಟಿಗೆ ಹತ್ರ ಇರ್ಲೇಬೇಕು, ಒಂದು ಮದುವೆಗೆ ಹೋಗ್ಲಿಕ್ಕೆ ಇಲ್ಲ, ಜಾತ್ರೆಗೆ ಹೋಗ್ಲಿಕ್ಕೆ ಇಲ್ಲ. ಅವಳಿಗೆ ದೊಡ್ಡ ಊರಿಗೆ ಹೋಗಿ ಮಾಂತ್ರಿಕ ವಿದ್ಯೆ ಕಲಿಬೇಕು ಅಂತ ಉಂಟು. ಅಜ್ಜ ಹೋಗು ಮಗಾ ಅಂತಾರೆ, ಅಪ್ಪ ಮಾತೇ ಆಡುದಿಲ್ಲ, ಅಮ್ಮ ಲೆಕ್ಕ ನೋಡಿ ಸುಮ್ಮನಾಗ್ತಾರೆ. ಇಲ್ಲಿ ಯಾರೂ ಕೆಟ್ಟವರಲ್ಲ, ಅದಕ್ಕೇ ಪ್ಲೇಯರ್ಸ್ ಬಿಡುದಿಲ್ಲ.

ರೇಂಜರ್ ವಿಷಯಕ್ಕೆ, ಅಂಗಡಿಗೆ ಒಂದು ನಿಯಮ ಇರ್ಲಿ: ಅಜ್ಜ ಜೀವಂತ ನೋಡದ ಪ್ರಾಣಿಯ ಮಾಂಸ ದಿಮ್ಮಿಗೆ ಏರುದಿಲ್ಲ. ಅವಳು ಮಾನ್ಸ್ಟರ್ ಹೊತ್ಕೊಂಡು ಬಂದ್ರೆ ಬೇಡ ಅಂತಾರೆ, ಆದ್ರೆ ಚರ್ಮ, ಕೊಂಬಿಗೆ ಒಳ್ಳೆ ಗಿರಾಕಿ ತೋರಿಸ್ತಾರೆ. ಬರಗಾಲದಲ್ಲಿ ಆ ನಿಯಮ ಮುರಿಯುವ ಪರಿಸ್ಥಿತಿ ತನ್ನಿ, ಆಗ ಗುಡಿಯ ಭಟ್ರು ಪ್ಯೂರಿಫೈ ಫುಡ್ ಆ್ಯಂಡ್ ಡ್ರಿಂಕ್ ಹಾಕಿ ವಿಷ, ರೋಗ ತೆಗೀಬಹುದು, ಫಸ್ಟ್ ಲೆವೆಲ್ ಮಂತ್ರ ಅದು. ತಿನ್ನದ ಗುಡಿಯವರನ್ನೇ ಮಾಂಸದಂಗಡಿಗೆ ಕರೀಬೇಕಾಗ್ತದೆ, ಒಳ್ಳೆ ಸೀನ್.

ಕಂಕನಾಡಿ_ಹುಡುಗ:
ಅಕ್ಕ, ಆ ಹುಡುಗಿಯ ಕತೆ ಮನಸ್ಸಿಗೆ ತಾಗಿತು, ನಮ್ಮಂತ ಮನೆಗಳಲ್ಲಿ ಇದು ನಿಜವಾಗಿ ಇರುದೇ. ಡಿಎಮ್ ಅವರತ್ರ ಒಂದೇ ವಿನಂತಿ. ಕೊನೆಗೆ ಆ ಮನೆಯವರು ಮನುಷ್ಯರನ್ನು ಕೊಯ್ತಿದ್ರು ಅಂತ ಟ್ವಿಸ್ಟ್ ಇಡ್ಬೇಡಿ. ಕತೆಗಳಲ್ಲಿ ಕಸಾಯಿ ಬಂದ ಅಂದ್ರೆ ಕ್ರೂರಿ ಅಂತ್ಲೇ ಲೆಕ್ಕ, ಅದನ್ನು ನೋಡಿ ನೋಡಿ ಬೇಜಾರಾಗಿದೆ. ಆಡು ಹೆದರದ ಹಾಗೆ ನೋಡ್ಕೊಳ್ಳುದು, ನೀರು ಕುಡಿಸುದು, ಚೂರಿ ಹರಿತ ಇದೆಯಾ ಅಂತ ಎರಡೆರಡು ಸಲ ನೋಡುದು, ಇದೆಲ್ಲ ನಮ್ಮ ಅಜ್ಜ ಕಲಿಸಿದ್ದು.

ಮಣಿಪಾಲ_ಡಿಎಮ್:
ಖಂಡಿತ ಇಡುದಿಲ್ಲ ಅಣ್ಣ, ಮಾತು ಕೊಟ್ಟೆ. ಅಕ್ಕನ ಹುಡುಗಿಯನ್ನು ತಗೊಳ್ತೇನೆ, ಅಜ್ಜನ ನಿಯಮವನ್ನೂ. ಮೊದಲ ಸೆಶನ್ ಹಬ್ಬದ ಹಿಂದಿನ ದಿನ ಇಡ್ತೇನೆ, ಸಂತೆಯಿಂದ ಬರ್ಬೇಕಾದ ಆಡುಗಳು ಬಂದಿಲ್ಲ, ಅಪ್ಪ ಹುಡುಕ್ಲಿಕ್ಕೆ ಹೋಗಿದ್ದಾರೆ, ಹುಡುಗಿಗೆ ಪೆಟ್ಟಿಗೆ ಬಿಟ್ಟು ಹೋಗ್ಲಿಕ್ಕೆ ಆಗುದಿಲ್ಲ, ಹಾಗಾಗಿ ಅವಳೇ ಪ್ಲೇಯರ್ಸ್ ಹತ್ರ ಕೇಳ್ತಾಳೆ. ಹಳೇಪೇಟೆಯವರೇ, ಕೊಬ್ಬು ಕರಗಿಸುದು ಅಂಗಡಿಯಲ್ಲೇ ಮಾಡ್ತಿದ್ರಾ ಇಲ್ಲ ಕ್ಯಾಂಡಲ್‌ನವರ ಹತ್ರವಾ? ಮ್ಯಾಪಲ್ಲಿ ಆ ವಾಸನೆ ಬರುವ ಮನೆ ಎಲ್ಲಿ ಇಡುದು ಅಂತ ನೋಡ್ತಿದ್ದೇನೆ.

ಹಳೇಪೇಟೆ:
ಎರಡೂ ನಡೀತದೆ, ಆದ್ರೆ ಕ್ಯಾಂಡಲ್‌ನವರ ಹತ್ರ ಇಡಿ, ಗಾಳಿ ಊರಿಂದ ಆಚೆ ಬೀಸುವ ಬದಿಗೆ. ವಾಸನೆಗೆ ಅಕ್ಕಪಕ್ಕದವರು ಕಂಪ್ಲೇಂಟ್ ಕೊಟ್ಟೇ ಕೊಡ್ತಾರೆ, ಎರಡನೇ ಸೆಶನ್ನಿಗೆ ಅದು ಸಾಕು.